ಆಟದ ಖರ್ಚು ಯಾರದು?

ಕಲೆಗಾಗಿ ಸರಕಾರ ಹಣ ವೆಚ್ಚಮಾಡುವುದು ಸರಿಯೆ ಎಂಬ ಪ್ರಶ್ನೆ ಪ್ರತಿ ಆಯವ್ಯಯದ ಹೊತ್ತಿನಲ್ಲಿಯೂ ಏಳುತ್ತದೆ. ಆಸ್ಪತ್ರೆಯಲ್ಲಿ ಔಷಧ ಸಾಲದಿರುವಾಗ, ರಸ್ತೆಗಳು ಹೊಂಡ ಬಿದ್ದಿರುವಾಗ, ನಾಟಕಕ್ಕೂ ಸಂಗೀತಕ್ಕೂ ಸಾರ್ವಜನಿಕರ ದುಡ್ಡೇಕೆ ಎನ್ನುವವರು ಅರಸಿಕರೇನಲ್ಲ. ಅವರ ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರ ಹುಡುಕುವ ಮುನ್ನ ನಾವು ಇನ್ನೊಂದನ್ನು ಕೇಳಿಕೊಳ್ಳಬೇಕು. ಇದುವರೆಗೆ ನಮ್ಮ ಕಲೆಯ ಖರ್ಚನ್ನು ಹೊತ್ತವರು ಯಾರು? ಅವರು ಹೊತ್ತಾಗ ಅದನ್ನು ನೋಡುವ ಭಾಗ್ಯ ಯಾರಿಗೆ ದೊರಕಿತು?

ನನ್ನ ಊರು ಪೆರ್ಡೂರು. ಉಡುಪಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಈ ಊರು ಎರಡು ಕಾರಣಗಳಿಂದ ಹೆಸರಾದುದು. ಒಂದು, ಬಾಳೆಹಣ್ಣಿನ ಸೇವೆ ಸ್ವೀಕರಿಸುವ ಕದಳೀಪ್ರಿಯ ಅನಂತಪದ್ಮನಾಭ. ಇನ್ನೊಂದು, ಆ ದೇವರ ಹೆಸರಿನಲ್ಲಿ ತಿರುಗಾಟ ಹೊರಡುವ ಯಕ್ಷಗಾನ ಮೇಳ. ಹಾಗಾಗಿ ನನ್ನ ಪ್ರಶ್ನೆಯನ್ನು ಯಕ್ಷಗಾನದ ಮೂಲಕವೇ ಬಿಡಿಸಲು ಯತ್ನಿಸುತ್ತೇನೆ.

ಹರಕೆಯಾಟದ ಲೆಕ್ಕಾಚಾರ ಸರಳವಾದುದು. ಮನೆಗೆ ಕಾಯಿಲೆಯೋ ಸಂಕಟವೋ ಬಂದಾಗ ದೇವರಿಗೆ ಒಂದು ಆಟ ಹೇಳಿಕೊಳ್ಳುತ್ತಾರೆ. ಸಂಕಟ ಕಳೆದ ಮೇಲೆ ಮೇಳಕ್ಕೆ ಹಣ ಸಲ್ಲಿಸಿ, ಗದ್ದೆಯಲ್ಲಿ ರಂಗಸ್ಥಳ ಕಟ್ಟಿಸಿ ಆಟ ಆಡಿಸುತ್ತಾರೆ. ಖರ್ಚು ಒಂದು ಮನೆಯದು, ನೋಟ ಊರೆಲ್ಲರದು. ಮಂದಾರ್ತಿ, ಕಟೀಲು ಮೇಳಗಳ ಹರಕೆಯಾಟಕ್ಕೆ ಭಕ್ತರು ಇಂದಿಗೂ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಓದುಬರಹವಿಲ್ಲದ ರೈತನೂ ಅಭಿಮನ್ಯುವಿನ ಸಂಕಟವನ್ನು, ಕರ್ಣನ ದ್ವಂದ್ವವನ್ನು ಬಲ್ಲವನಾದುದು ಈ ವ್ಯವಸ್ಥೆಯ ಪುಣ್ಯ. ಆದರೆ ಅದಕ್ಕೊಂದು ಮಿತಿಯಿತ್ತು. ಬಯಲು ಎಲ್ಲರಿಗೂ ತೆರೆದಿದ್ದರೂ ಎಲ್ಲರೂ ಒಂದೇ ಸಾಲಿನಲ್ಲಿ ಕೂತವರಲ್ಲ. ಆಟ ನೋಡುವುದು ಆಡಿಸಿದವರ ಔದಾರ್ಯದಿಂದ ದೊರೆತ ಪ್ರಸಾದವೇ ಹೊರತು ನೋಡುವವನ ಹಕ್ಕಾಗಿರಲಿಲ್ಲ.

ಕಳೆದ ಶತಮಾನದ ನಡುಭಾಗದಲ್ಲಿ ಡೇರೆ ಬಂತು. ಬಯಲಿಗೆ ಬಟ್ಟೆಯ ಗೋಡೆ ಎದ್ದಿತು. ನೆಲಕ್ಕೊಂದು ದರ, ಕುರ್ಚಿಗೊಂದು ದರ. ಪೆರ್ಡೂರು ಮೇಳವೂ ಡೇರೆ ಮೇಳವಾಗಿ ಖ್ಯಾತಿ ಪಡೆಯಿತು. ಡೇರೆಯನ್ನು ಹಳಿಯುವುದು ಸುಲಭ. ಆದರೆ ಟಿಕೇಟಿನ ಹಣ ಕಲಾವಿದನ ಸಂಬಳಕ್ಕೆ ಆಧಾರವಾಯಿತು, ಹೊಸ ಪ್ರಸಂಗಗಳಿಗೆ ದಾರಿಯಾಯಿತು. ಅದೇ ಕಾಲಕ್ಕೆ, ಚಂಡೆಯ ಸದ್ದು ಕಿವಿಗೆ ಬಿದ್ದರೂ ವೇಷ ಕಣ್ಣಿಗೆ ಬೀಳದ ಒಂದು ಜನವರ್ಗ ಹುಟ್ಟಿತು. ನಮ್ಮ ಬಾಲ್ಯದಲ್ಲಿ ಡೇರೆಯ ಹೊರಗೆ ಕೂತು ಭಾಗವತರ ಪದವನ್ನಷ್ಟೇ ಕೇಳಿ ಮನೆಗೆ ಮರಳುತ್ತಿದ್ದವರು ಕಡಮೆಯಿರಲಿಲ್ಲ.

ದಾನಿಯ ಕೃಪೆ, ಪ್ರೇಕ್ಷಕನ ಜೇಬು—ಈ ಎರಡರ ನಡುವೆ ಮೂರನೆಯದಾಗಿ ಬಂದುದು ಸಾರ್ವಜನಿಕ ನಿಧಿ. ಎರಡನೆಯ ಮಹಾಯುದ್ಧದ ಬೆನ್ನಿಗೇ, 1946ರಲ್ಲಿ, ಬ್ರಿಟನ್ನು ತನ್ನ ಆರ್ಟ್ಸ್ ಕೌನ್ಸಿಲ್ಲನ್ನು ಸ್ಥಾಪಿಸಿತು. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆ ತನ್ನ 27ನೆಯ ವಿಧಿಯಲ್ಲಿ, ಸಮುದಾಯದ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದೂ ಕಲೆಗಳನ್ನು ಆಸ್ವಾದಿಸುವುದೂ ಪ್ರತಿಯೊಬ್ಬನ ಹಕ್ಕೆಂದು ಸಾರಿತು. ನಮ್ಮ ದೇಶದಲ್ಲಿ ಸಂಗೀತ ನಾಟಕ ಅಕಾಡೆಮಿ 1953ರಲ್ಲಿಯೂ ಸಾಹಿತ್ಯ ಅಕಾಡೆಮಿ 1954ರಲ್ಲಿಯೂ ಆರಂಭವಾದುವು. ಇಲ್ಲಿ ಆದ ಮುಖ್ಯ ಪಲ್ಲಟವೆಂದರೆ, ಪ್ರಸಾದವಾಗಿದ್ದುದು ಹಕ್ಕಾಯಿತು. ತೆರಿಗೆ ಎಲ್ಲರದು, ಬೆಂಕಿಪೆಟ್ಟಿಗೆ ಕೊಳ್ಳುವವನೂ ತೆತ್ತಿದ್ದಾನೆ. ಆದುದರಿಂದ ಕಲೆಯಲ್ಲಿ ಅವನಿಗೂ ಪಾಲುಂಟು.

ಈ ನಿಧಿ ಸಾರ್ಥಕವಾದ ನಿದರ್ಶನಗಳು ನಮ್ಮ ಕಣ್ಣೆದುರೇ ಇವೆ. 1971ರಲ್ಲಿ ಶಿವರಾಮ ಕಾರಂತರ ಪ್ರೇರಣೆಯಿಂದ, ಕು. ಶಿ. ಹರಿದಾಸ ಭಟ್ಟರ ಬೆಂಬಲದಿಂದ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಮೇಳದ ಮನೆತನಗಳಲ್ಲಿ ಹುಟ್ಟದ ಹುಡುಗನೂ ಗುರುವಿನ ಬಳಿ ಕ್ರಮವಾಗಿ ಕಲಿಯುವುದು ಅಲ್ಲಿ ಸಾಧ್ಯವಾಯಿತು. ನಮ್ಮೂರಿನ ದಾರಿ ಹಿಡಿದು ಹೆಬ್ರಿಯ ಮೂಲಕ ಆಗುಂಬೆ ಘಾಟಿ ಹತ್ತಿ, ಸಾಗರದ ಕಡೆಗೆ ಹೋದರೆ ಹೆಗ್ಗೋಡು ಸಿಗುತ್ತದೆ. 1949ರಲ್ಲಿ ಹಳ್ಳಿಗರು ಕಟ್ಟಿದ ನೀನಾಸಮ್, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಸರಕಾರದ ನೆರವೂ ಅದಕ್ಕೆ ಒದಗಿತು. 1985ರಿಂದ ಅದರ 'ತಿರುಗಾಟ' ಶೇಕ್ಸ್‌ಪಿಯರನನ್ನೂ ಕಾಳಿದಾಸನನ್ನೂ ಕನ್ನಡದ ಸಣ್ಣ ಊರುಗಳಿಗೆ ಹೊತ್ತು ತಂದಿತು. ಮೇಳಗಳ ಮಾತೇ ಆಧುನಿಕ ರಂಗಭೂಮಿಗೆ ಹೆಸರಾಯಿತೆಂಬುದು ಗಮನಾರ್ಹ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಕಟ್ಟಡ ತೆರಿಗೆಯೊಂದಿಗೆ ಗ್ರಂಥಾಲಯ ಕರವೂ ಸಂದಾಯವಾಗುತ್ತದೆ. ಈ ಮಾತುಗಳನ್ನು ನಿಮಗೆ ತಲಪಿಸುತ್ತಿರುವ ಬಾನುಲಿಯೂ ಸಾರ್ವಜನಿಕರ ಹಣದ್ದೇ. ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ 1976ರಲ್ಲಿ ಆರಂಭವಾದ ಮೇಲೆ, ಡೇರೆಯ ಹೊರಗುಳಿದವರ ಮನೆಯೊಳಗೇ ಭಾಗವತಿಕೆ ಪ್ರವೇಶಿಸಿತು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಕಲೆ ಎಲ್ಲರದಾಗುವುದಿಲ್ಲ. ಪ್ರವೇಶ ಉಚಿತವೆಂದು ಸಾರಿದ ಸಭಾಂಗಣಗಳಲ್ಲಿ ಉದ್ಘಾಟನೆಯ ಭಾಷಣ ಮುಗಿಯುತ್ತಲೇ ಕುರ್ಚಿಗಳು ಖಾಲಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ನಡೆದ ಕಾರ್ಯಕ್ರಮಗಳ ಸಂಖ್ಯೆಯನ್ನು ಎಣಿಸಿ ವರದಿ ಬರೆದರೆ ಹಣ ಖರ್ಚಾಯಿತೆಂದು ತಿಳಿಯುತ್ತದೆ, ಫಲ ತಿಳಿಯುವುದಿಲ್ಲ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೊಂದು ಬೆಳಕಿದೆ. ಕಾವ್ಯದ ನಿರಂತರ ಅಭ್ಯಾಸದಿಂದ ಕನ್ನಡಿಯಂತೆ ನಿರ್ಮಲವಾದ ಮನಸ್ಸುಳ್ಳವನೇ ಸಹೃದಯನೆಂದು ಅಭಿನವಗುಪ್ತನ ಅಭಿಪ್ರಾಯ. ಎಂದರೆ, ರಸಿಕತೆಗೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಅವಕಾಶ ಬೇಕು. ಬಡವನ ಮಗುವಿಗೆ ಕೊರತೆಯಿರುವುದು ಟಿಕೇಟಿನದಷ್ಟೇ ಅಲ್ಲ, ಈ ಅವಕಾಶದ್ದು.

ಈ ದೃಷ್ಟಿಯಿಂದ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟಿನ ಕೆಲಸ ನನಗೆ ಮಹತ್ವದ್ದಾಗಿ ತೋರುತ್ತದೆ. ಇಲ್ಲಿ ಪ್ರೌಢಶಾಲೆಗಳಿಗೇ ಗುರುಗಳು ಹೋಗಿ ಹೆಜ್ಜೆ, ಮಾತುಗಾರಿಕೆ ಕಲಿಸುತ್ತಾರೆ. ವರ್ಷದ ಕೊನೆಗೆ ಮಕ್ಕಳು ವೇಷ ಕಟ್ಟಿ ರಂಗವೇರುತ್ತಾರೆ. ಗಂಡಸರದೇ ಆಗಿದ್ದ ರಂಗಸ್ಥಳದಲ್ಲಿ ಹುಡುಗಿಯರೂ ಕಿರೀಟ ಧರಿಸಿ ಕುಣಿಯುತ್ತಾರೆ. ಇವರೆಲ್ಲ ವೃತ್ತಿಕಲಾವಿದರಾಗಬೇಕಿಲ್ಲ. ತಾಳ ತಪ್ಪಿದಾಗ ಮೈ ಚುರುಗುಟ್ಟುವಷ್ಟು ಸಂಸ್ಕಾರ ಉಳಿದರೆ ಸಾಕು. ನಾಳೆಯ ಆಟಕ್ಕೆ ನೋಡುಗರು ಇರುತ್ತಾರೆ.

ಸಾರ್ವಜನಿಕ ನಿಧಿಗೆ ಅಪಾಯವಿಲ್ಲವೆಂದಲ್ಲ. ಹಣ ಕೊಟ್ಟ ಕೈ ಪ್ರಸಂಗವನ್ನೂ ತಾನೇ ಆರಿಸಹೊರಟರೆ, ಹಳೆಯ ದಾನಿಗೂ ಸರಕಾರಕ್ಕೂ ಭೇದ ಉಳಿಯದು. ಅಧಿಕಾರಸ್ಥರಿಂದ ಒಂದಿಷ್ಟು ದೂರದಲ್ಲಿ, ಬಲ್ಲವರ ವಿವೇಚನೆಯಿಂದ ಈ ಹಣ ವಿನಿಯೋಗವಾಗಲೆಂದೇ ಅಕಾಡೆಮಿಗಳೆಂಬ ಏರ್ಪಾಡು ಹುಟ್ಟಿದುದು. ಆ ದೂರವನ್ನು ಕಾಯುವುದು ಕಲಾವಿದರಷ್ಟೇ ನಮ್ಮೆಲ್ಲರ ಹೊಣೆಯೂ ಹೌದು.

ಆಸ್ಪತ್ರೆಯೋ ಆಟವೋ ಎಂದು ಕೇಳುವವರಿಗೆ ಹರಕೆ ಹೊತ್ತ ಮನೆಗಳು ಎಂದೋ ಉತ್ತರ ಹೇಳಿವೆ. ಕಾಯಿಲೆ ವಾಸಿಯಾದಾಗ ಅವು ಆ ಸಂತೋಷವನ್ನು ಊರಿನೊಡನೆ ಹಂಚಿಕೊಂಡದ್ದು ಒಂದು ಆಟದ ಮೂಲಕ. ಬದುಕಿ ಉಳಿಯುವುದರ ಜೊತೆಗೆ, ಉಳಿದ ಬದುಕಿಗೊಂದು ಅರ್ಥವೂ ಬೇಕೆಂಬುದನ್ನು ಅವು ಬಲ್ಲವು. ಒಂದು ಮನೆ ತನ್ನ ಶಕ್ತ್ಯನುಸಾರ ಮಾಡಿದುದನ್ನು ಇಡೀ ನಾಡು ತನ್ನ ಬೊಕ್ಕಸದಿಂದ, ಯಾರನ್ನೂ ಹಿಂದಿನ ಸಾಲಿಗೆ ತಳ್ಳದೆ ಮಾಡಬೇಕೆಂಬುದಷ್ಟೇ ನನ್ನ ವಿಜ್ಞಾಪನೆ.