ಕೊರಳಪಟ್ಟಿ ಮೂಡುವ ಮುಂಚೆ

ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಗುಡೂರಿನ ನೇಕಾರರ ಓಣಿಯಲ್ಲಿ ಹೊತ್ತು ಮೂಡುವ ಮುಂಚೆಯೇ ಮಗ್ಗ ಮಾತಾಡುತ್ತವೆ. ಮಧ್ಯಾಹ್ನದ ಝಳಕ್ಕೆ ಕೂರಲಾಗದೆಂದು ತಂಪು ಹೊತ್ತಿನಲ್ಲೇ ಕುಣಿಮಗ್ಗಕ್ಕೆ ಕಾಲಿಳಿಸಿದವರು ಇಳಕಲ್ ಸೀರೆಯ ಒಡಲು ನೇಯುತ್ತಿದ್ದಾರೆ. ಅಂಥದೊಂದು ಮನೆಯ ಪಡಸಾಲೆಯಲ್ಲಿ ರಟ್ಟಿನ ಡಬ್ಬಿ, ಅದರಲ್ಲಿ ಹಳೆ ಧೋತರದ ಚೂರು, ಅದರ ಮೇಲೊಂದು ಗಿಣಿಮರಿ. ರಾತ್ರಿ ಬೀಸಿದ ಗಾಳಿಗೆ ಹುಣಸೆಮರದ ಟೊಂಗೆ ಪೊಟರೆ ಸಮೇತ ಮುರಿದು ಬಿದ್ದಿದೆ. ಹೊಲಕ್ಕೆ ಹೊರಟಿದ್ದ ಹುಡುಗ ಮರಿಯನ್ನು ಎತ್ತಿಕೊಂಡು ಮನೆಗೇ ಓಡಿ ಬಂದಿದ್ದಾನೆ.

"ಆಯಿ, ಇದಕ್ಕ ಎಷ್ಟ ದಿನಾ ಆಗಿರಬೇಕ?"

ಕಂಡಿಕೆ ಸುತ್ತುತ್ತಿದ್ದ ಮುದುಕಿ ಕೈ ಒರೆಸಿಕೊಂಡು ಮರಿಯನ್ನು ಅಂಗೈಗೆ ತೆಗೆದುಕೊಂಡಳು. ರೆಕ್ಕೆ ಎತ್ತಿ ನೋಡಿದಳು. "ಕಣ್ಣ ತಗದೈತಿ. ಪುಚ್ಚ ಇನ್ನೂ ಬಿಚ್ಚಿಲ್ಲ. ತಿಂಗಳಾ ತುಂಬಿಲ್ಲೋ ತಮ್ಮಾ."

ಮುದುಕಿಯ ಲೆಕ್ಕ ಸರಿ. ಗಿಣಿಮರಿಯ ವಯಸ್ಸು ಅದರ ಮೈಮೇಲೆಯೇ ಇರುತ್ತದೆ. ತಾಯಿ ಇಪ್ಪತ್ತೆರಡು ಇಪ್ಪತ್ತನಾಲ್ಕು ದಿನ ಕಾವು ಕೊಟ್ಟ ಮೇಲೆ ಬಿಳಿ ತತ್ತಿ ಒಡೆದು ಬರುವ ಮರಿಗೆ ಒಂದು ಪುಚ್ಚವೂ ಇಲ್ಲ, ಕಣ್ಣೂ ಇಲ್ಲ. ಎರಡನೆಯ ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ. ಮೂರನೆಯ ವಾರ ಮೈಯೆಲ್ಲ ಜಾಲಿಮುಳ್ಳು ನಾಟಿದಂತೆ ಪುಚ್ಚದ ಕೊಳವೆಗಳು. ಆ ಕೊಳವೆ ಒಡೆದು ಹಸಿರು ಇಣುಕಿತೆಂದರೆ ತಿಂಗಳಾಯಿತು. ಆರೇಳು ವಾರಕ್ಕೆ ಪೊಟರೆಯ ಬಾಯಿಗೆ ಬಂದು ಹಾರುತ್ತದೆ. ಮೈಗಾತ್ರ ಮಾತ್ರ ನಂಬುವಂಥದ್ದಲ್ಲ. ತತ್ತಿಗಳೆಲ್ಲ ಒಂದೇ ದಿನ ಒಡೆಯುವುದಿಲ್ಲವಾದ್ದರಿಂದ ಒಂದೇ ಪೊಟರೆಯಲ್ಲಿ ದೊಡ್ಡದೂ ಇರುತ್ತದೆ, ಅದರ ಕಾಲಡಿ ಸಿಕ್ಕ ಸಣ್ಣದೂ ಇರುತ್ತದೆ. ಹಸಿದು ಸೊರಗಿದ ಮರಿ ತನ್ನ ವಯಸ್ಸಿಗಿಂತ ಎಳೆಯದಾಗಿ ಕಾಣುತ್ತದೆ. ಪುಚ್ಚ ನೋಡಿ ಹೇಳುವುದೇ ಮೇಲು.

ವಯಸ್ಸು ತಿಳಿಯಬೇಕಾದದ್ದು ಕುತೂಹಲಕ್ಕಲ್ಲ, ಮರಿಯ ಜೀವಕ್ಕೆ. ಪುಚ್ಚ ಬರದ ಮರಿ ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಗುಡೂರಿನ ಬೇಸಿಗೆಯಲ್ಲೂ ನಸುಕಿನ ತಂಪಿಗೆ ಅದು ನಡುಗುತ್ತದೆ, ನಡುಗುವ ಮರಿಗೆ ಉಂಡದ್ದು ಅರಗುವುದಿಲ್ಲ. ಮೊದಲು ಕಾವು, ಆಮೇಲೆ ಕೂಳು.

ಆ ಕೂಳಿನಲ್ಲಿಯೇ ಎಷ್ಟೋ ಮರಿಗಳು ಸಾಯುತ್ತವೆ. ಮನೆಮಂದಿಗೆ ಮೊದಲು ತೋಚುವುದು ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಹಕ್ಕಿ ಹಾಲು ಕುಡಿದು ಬೆಳೆದ ಜೀವವಲ್ಲ, ಹಾಲಿನ ಸಕ್ಕರೆ ಅದಕ್ಕೆ ದಕ್ಕುವುದಿಲ್ಲ, ಭೇದಿಯಾಗಿ ಒಣಗಿಹೋಗುತ್ತದೆ. ಬಾಯಿ ತೆರೆಸಿ ನೀರು ಹನಿಸುವುದು ಇನ್ನೂ ಅಪಾಯ, ಅದು ನೇರ ಉಸಿರುಗೊಳವೆಗೆ ಇಳಿಯಬಹುದು. ತಾಯಿಹಕ್ಕಿ ತಾನು ಅರ್ಧ ಅರಗಿಸಿದ್ದನ್ನು ಕಕ್ಕಿ ಉಣಿಸುತ್ತದೆ. ಅದರಲ್ಲಿ ನೀರೂ ಇದೆ, ಬಿಸಿಯೂ ಇದೆ. ಪಶುವೈದ್ಯರು ಹೇಳುವ ಮರಿಯಾಹಾರದ ಪುಡಿ ಸಿಗುವವರೆಗೆ ಮುದುಕಿ ಪುಟಾಣಿ ಹಿಟ್ಟನ್ನು ನೀರಲ್ಲಿ ತೆಳ್ಳಗೆ ಕುದಿಸಿ, ಮುಂಗೈ ಮೇಲೆ ಹನಿಸಿ ಬಿಸಿ ನೋಡಿದಳು. ಆರಿದ್ದನ್ನು ಮರಿ ಒಲ್ಲದು, ಸುಡುವುದು ಗಂಟಲಚೀಲವನ್ನೇ ಬೇಯಿಸುತ್ತದೆ. ಎರಡೂ ಅಂಚು ಒಳಕ್ಕೆ ಮಡಿಸಿದ ಚಮಚ ಚುಂಚಿಗೆ ತಾಗಿದ ಕ್ಷಣ ಮರಿ ತಲೆ ಕುಣಿಸುತ್ತ ತಾನೇ ಎಳೆದುಕೊಂಡಿತು. ಎದೆಯ ಮೇಲಿನ ಚೀಲ ಉಬ್ಬಿತು. ಹುಡುಗ ಇನ್ನೊಂದು ಚಮಚಕ್ಕೆ ಕೈ ಹಾಕಿದ.

"ಸಾಕ ಬಿಡೋ. ಆ ಚೀಲ ಇಳೀಬೇಕ, ಆಮ್ಯಾಲೆ ಹಾಕೂಣು."

ಒಳಗಿನ ಟ್ರಂಕಿನಲ್ಲಿ ಆಕೆಯ ಮದುವೆಯ ಸೀರೆ ಇದೆ. ಸೆರಗಿನ ಬಳಿ ಎಳೆ ಎಣಿಸಿ ಹಾಕಿದ ಕಸೂತಿ: ತೇರು, ಗೋಪುರ, ತುಳಸಿಕಟ್ಟೆ, ಸಾಲು ಗಿಣಿ. ಗಿಣಿಯ ಮೇಲಿನ ಈ ನಾಡಿನ ಪ್ರೀತಿ ಹಳೆಯದು. ಜೋಳದ ತೆನೆಗೆ ಬೀಳುವ ಗಿಣಿಹಿಂಡನ್ನು ಕವಣೆ ಬೀಸಿ ಓಡಿಸುವವರೇ ಮನೆಯಲ್ಲಿ ಪಂಜರ ತೂಗುಹಾಕಿ ಹಸಿ ಮೆಣಸಿನಕಾಯಿ ಉಣಿಸುತ್ತಾರೆ (ಅದರ ಖಾರ ಹಕ್ಕಿಯ ನಾಲಿಗೆಗೆ ತಟ್ಟುವುದೇ ಇಲ್ಲ). ಆ ಪ್ರೀತಿ ನಿಜ. ಆದರೂ ಅದು ಪಂಜರದ ಬಾಗಿಲಲ್ಲಿ ನಿಲ್ಲಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನೆಲದ ಗಿಣಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. 2022ರ ತಿದ್ದುಪಡಿ ಅದನ್ನು ಎರಡನೆಯ ಅನುಸೂಚಿಯಲ್ಲಿಟ್ಟಿದೆ. ಬಿದ್ದ ಮರಿಯನ್ನು ಬದುಕಿಸಿದ ಕೈ ಅದನ್ನು ಬೇಗನೆ ಅರಣ್ಯ ಇಲಾಖೆಗೆ ಮುಟ್ಟಿಸಬೇಕು. ಕಾಯ್ದೆಗಿಂತ ದೊಡ್ಡ ಕಾರಣ ಹಕ್ಕಿಯ ಒಳಗೇ ಇದೆ. ಮನುಷ್ಯರ ಕೈಯಲ್ಲಿ ಒಂಟಿಯಾಗಿ ಬೆಳೆದ ಮರಿ ಮನುಷ್ಯರನ್ನೇ ತನ್ನ ಹಿಂಡು ಅಂದುಕೊಳ್ಳುತ್ತದೆ. ಯಾವ ಕಾಯಿ ತಿನ್ನಬೇಕು, ಗಿಡುಗ ಬಂದರೆ ಹೇಗೆ ಕೂಗಬೇಕು, ಸಂಜೆ ಯಾವ ಮರಕ್ಕೆ ಮರಳಬೇಕು ಎಂಬುದನ್ನು ಕಲಿಸಲು ಇನ್ನೊಂದು ಗಿಣಿಯೇ ಬೇಕು.

ಹಾರಲು ಕಲಿತ ಮೇಲೂ ಎಳೆಯದನ್ನು ಗುರುತಿಸಬಹುದು. ಬಾಲ ಮೊಟಕು, ಚುಂಚಿನ ಕೆಂಪು ಮಂಕು, ಕಣ್ಣಪಾಪೆಯ ಸುತ್ತ ಕಪ್ಪು ಛಾಯೆ. ದೊಡ್ಡದಾಗುತ್ತ ಕಣ್ಣಿನ ಆ ಬಳೆ ತಿಳಿಯಾಗುತ್ತ ಹೋಗುತ್ತದೆ. ಗಂಡಿನ ಕೊರಳಿಗೆ ಕಪ್ಪು–ಗುಲಾಬಿ ಪಟ್ಟಿ ಮೂಡಲು ಎರಡು ಮೂರು ವರ್ಷವೇ ಬೇಕು. ಅಲ್ಲಿಯವರೆಗೆ ಗಂಡು ಯಾವುದು ಹೆಣ್ಣು ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಪಟ್ಟಿ ಮೂಡಿದ ಮೇಲೆ ಮೈ ವಯಸ್ಸು ಹೇಳುವುದನ್ನು ನಿಲ್ಲಿಸುತ್ತದೆ. ನಾಲ್ಕು ವರ್ಷದ್ದೂ ಹದಿನಾಲ್ಕರದ್ದೂ ನೋಡಲು ಒಂದೇ.

ಎದುರುಮನೆಯ ಮುದಿ ಗಿಣಿಯ ವಯಸ್ಸನ್ನು ಓಣಿಯ ಜನ ಹೇಳುವುದು ನೆನಪಿನಿಂದ. 2009ರಲ್ಲಿ ಮಲಪ್ರಭೆ ಉಕ್ಕಿ ಊರೂರು ಮುಳುಗಿದ ವರ್ಷ ಬಂದದ್ದು ಅದು. ಇಷ್ಟು ಕಾಲ ಪಂಜರದಲ್ಲಿದ್ದ ಹಕ್ಕಿಯನ್ನು ಒಮ್ಮೆಲೇ ಬಯಲಿಗೆ ಬಿಟ್ಟರೆ ಕಾಗೆಗಳೇ ಮುಗಿಸುತ್ತವೆ. ಹಿಂಡಿನ ಜೊತೆ ದೊಡ್ಡ ಗೂಡಿನಲ್ಲಿಟ್ಟು, ರೆಕ್ಕೆಗೆ ಬಲ ಬರಿಸಿ, ನಿಧಾನ ಬಿಡಬೇಕು. ಅದು ತಿಂಗಳುಗಳ ಕೆಲಸ, ಪುನರ್ವಸತಿ ಬಲ್ಲವರ ಕೆಲಸ. ಡಬ್ಬಿಯಲ್ಲಿರುವ ಮರಿಗೆ ಆ ಕಷ್ಟವಿಲ್ಲ. ಅದರ ವಯಸ್ಸಿನ್ನೂ ಮೂರು ವಾರ.