ಗರ್ಭಸ್ಥ ಶಿಶುವಿನ ಪರೀಕ್ಷೆ: ಬಲ್ಲುದೆಷ್ಟು, ನಿರ್ಧರಿಸುವವರು ಯಾರು?

ಹುಟ್ಟಲಿರುವ ಮಗುವಿನ ವಿಷಯದಲ್ಲಿ ತಾಯಿತಂದೆಯರ ಆತಂಕ ಮನುಷ್ಯಕುಲದಷ್ಟೇ ಹಳೆಯದು. ಆ ಆತಂಕಕ್ಕೆ ಪ್ರಯೋಗಶಾಲೆ ಉತ್ತರ ಹೇಳತೊಡಗಿದ್ದು ಮಾತ್ರ ಈಚಿನ ಸಂಗತಿ. ಈ ಉತ್ತರದ ಬೆಲೆಯೇನು, ಮಿತಿಯೇನು ಎಂಬುದನ್ನು ವಿಚಾರಿಸುವುದು ಇಂದಿನ ಮಾತಿನ ಉದ್ದೇಶ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಬಹುಕಾಲದ ರೂಢಿ. ಹೊಲಮನೆ ಒಡೆಯದಿರಲಿ, ಮಗಳು ಕಣ್ಣೆದುರಿಗಿರಲಿ ಎಂಬ ವಿವೇಕವೂ ಅದರಲ್ಲಿದೆ. ಆದರೆ ಸೋದರಮಾವ ಮತ್ತು ಅಕ್ಕನ ಮಗಳು ಸರಾಸರಿ ನಾಲ್ಕನೆಯ ಒಂದು ಪಾಲು ವಂಶವಾಹಿಗಳನ್ನು ಹಂಚಿಕೊಂಡಿರುತ್ತಾರೆ. ಥಲಸ್ಸೀಮಿಯಾದಂತಹ ರಕ್ತದೋಷದ ವಂಶವಾಹಿ ಇಬ್ಬರಲ್ಲೂ ಅಡಗಿದ್ದರೆ, ಪ್ರತಿ ಬಸಿರಿನಲ್ಲಿಯೂ ನಾಲ್ಕಕ್ಕೆ ಒಂದರಂತೆ ರೋಗದ ಸಂಭವ. ಒಂದು ಮಗುವಿಗೆ ಬಂದಿತು, ಮುಂದಿನ ಮೂವರಿಗೆ ಭಯವಿಲ್ಲ ಎಂಬ ಲೆಕ್ಕ ತಪ್ಪು; ಪ್ರತಿ ಸಲವೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ. ಹಾಗೆಂದು ಸೋದರಿಕೆಯ ಮಕ್ಕಳೆಲ್ಲ ರೋಗಿಗಳೆಂದಲ್ಲ. ಬಹುಪಾಲು ಮಕ್ಕಳು ಆರೋಗ್ಯವಂತರೇ. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ತೋರಿಸಿಕೊಟ್ಟಂತೆ ಡೌನ್ ಸಿಂಡ್ರೋಮಿಗೆ ಕಾರಣ ಹೆಚ್ಚಿನದೊಂದು 21ನೆಯ ವರ್ಣತಂತು. ತಾಯಿಯ ವಯಸ್ಸು ಏರಿದಂತೆ ಅದರ ಸಂಭವ ಹೆಚ್ಚುತ್ತದೆ. ಅದಕ್ಕೆ ನಂಟಿನ ಹಂಗಿಲ್ಲ.

ಪರೀಕ್ಷೆಗಳಲ್ಲಿ ಎರಡು ಬಗೆ. ತಾಯಿಯ ರಕ್ತ ಮತ್ತು ಸ್ಕ್ಯಾನಿಂಗ್‌ಗಳಿಂದ ಮಾಡುವುದು ಶೋಧನೆ. ಹತ್ತನೆಯ ವಾರದಿಂದ ತಾಯಿಯ ರಕ್ತದಲ್ಲಿಯೇ ಶಿಶುವಿನ ಡಿಎನ್ಎ ತುಣುಕುಗಳನ್ನು ಪರೀಕ್ಷಿಸುವುದೂ ಇದೇ ಬಗೆಗೆ ಸೇರಿದ್ದು. ಇದು ಸಂಭವವನ್ನಷ್ಟೇ ಹೇಳುತ್ತದೆ. ಖಚಿತವಾಗಬೇಕಾದರೆ ಹತ್ತರಿಂದ ಹದಿಮೂರನೆಯ ವಾರದೊಳಗೆ ಮಾಸಿನ ಅಂಶವನ್ನೋ, ಹದಿನೈದನೆಯ ವಾರದ ಅನಂತರ ಗರ್ಭಜಲವನ್ನೋ ತೆಗೆದು ನೋಡಬೇಕು. ಅದರಲ್ಲಿ ಗರ್ಭಪಾತದ ಅಲ್ಪ ಅಪಾಯವುಂಟು. ಇಷ್ಟಾದರೂ, ಆ ಮಗು ಎಂತಹ ಬಾಳು ಬಾಳೀತೆಂದು ಹೇಳುವ ಪರೀಕ್ಷೆ ಯಾವುದೂ ಇಲ್ಲ.

1994ರ ಪ್ರಸವಪೂರ್ವ ಪರೀಕ್ಷಾ ಕಾಯಿದೆ ಲಿಂಗ ತಿಳಿಸುವುದನ್ನು ನಿಷೇಧಿಸಿ, ವಂಶವಾಹಿ ರೋಗಗಳ ಪತ್ತೆಗೆ ಅವಕಾಶವಿತ್ತಿತು. ಗರ್ಭಿಣಿಗೆ ಪರೀಕ್ಷೆಯ ಪರಿಣಾಮಗಳನ್ನು ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕೆಂದೂ ಅದು ವಿಧಿಸುತ್ತದೆ. ಹುಲಿಹೈದರದಂತಹ ಊರಿನಿಂದ ಬೆಂಗಳೂರಿನವರೆಗೆ ಬಂದ ಹೆಣ್ಣುಮಗಳಿಗೆ ಈ ಒಂದು ಮಾತು ಎಷ್ಟು ದೊಡ್ಡ ಆಸರೆ! ಇಂಗ್ಲಿಷಿನ ಹಾಳೆಯ ಮೇಲೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗಲಾರದು.

ಇಲ್ಲಿ ಅಂಗವಿಕಲರ ಚಳವಳಿ ಎತ್ತುವ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಥಲಸ್ಸೀಮಿಯಾ, ಕುಸುಮರೋಗ, ಕುಡಗೋಲು ಕಣ ರೋಗಗಳೂ ಸೇರಿದಂತೆ 21 ವೈಕಲ್ಯಗಳನ್ನು ಗುರುತಿಸಿ, ಅವುಳ್ಳವರು ಸಮಾನರೆಂದು ಸಾರಿತು. ಅದೇ ಸಮಾಜ ಪರೀಕ್ಷಾ ಕೊಠಡಿಯಲ್ಲಿ ‘ಇಂಥದು ಬೇಡ’ ಎಂದು ಲಘುವಾಗಿ ನುಡಿದರೆ, ಬದುಕಿರುವವರ ಕಿವಿಗೆ ಅದು ಹೇಗೆ ಕೇಳಿಸೀತು? ದಾವಣಗೆರೆಯ ಡಾ. ಸುರೇಶ ಹನಗವಾಡಿಯವರು ಸ್ವತಃ ಕುಸುಮರೋಗವುಳ್ಳವರು. ವೈದ್ಯರಾಗಿ, ಅದೇ ರೋಗದವರ ಸಂಘಟನೆಯನ್ನು ಕಟ್ಟಿದವರು. ನೆರೆಯ ಗದುಗಿನಲ್ಲಿ, ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತದ ಅನ್ನವಿತ್ತರು. ಆದರೆ ಎಲ್ಲರೂ ಗವಾಯಿಗಳಾಗಬೇಕಿಲ್ಲ. ಸಾಮಾನ್ಯವಾಗಿ ಬಾಳುವ ಹಕ್ಕಿಗೆ ಅಸಾಮಾನ್ಯ ಪ್ರತಿಭೆಯ ಶುಲ್ಕ ತೆರಬೇಕಾಗಿಲ್ಲ.

ಇನ್ನೊಂದು ಪಕ್ಕವೂ ಇದೆ. ತೀವ್ರ ಥಲಸ್ಸೀಮಿಯಾದ ಮಗುವಿಗೆ ಎರಡು–ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಕೂಲಿ ಬಿಟ್ಟು ಬಸ್ಸು ಹತ್ತುವವಳು ತಾಯಿ. ಮನೆಯವರ ನಿಂದೆಯನ್ನು ನುಂಗುವವಳೂ ಅವಳೇ. ಬಸಿರನ್ನು ಮುಂದುವರಿಸಲಾರೆನೆಂದ ತಾಯಿಯನ್ನು ಕಟುಕಳೆನ್ನುವುದೂ, ಮುಂದುವರಿಸಿದವಳನ್ನು ಮೂಢಳೆನ್ನುವುದೂ ಒಂದೇ ಬಗೆಯ ಅನ್ಯಾಯ.

ಆದುದರಿಂದ ಸಲಹೆ ಪರೀಕ್ಷೆಗೆ ಮೊದಲೇ ದೊರೆಯಬೇಕು. ಸೋದರಿಕೆಯ ಮದುವೆಗೆ ಮುನ್ನ, ಇಲ್ಲವೇ ಬಸಿರಿಗೆ ಮುನ್ನ, ಇಬ್ಬರ ರಕ್ತ ಪರೀಕ್ಷೆಯಾದರೆ ಥಲಸ್ಸೀಮಿಯಾದ ಸುಳಿವು ಆಗಲೇ ಸಿಗುತ್ತದೆ. ಗರ್ಭದಲ್ಲಿ ದೋಷ ಕಂಡಾಗ ವೈದ್ಯರು ರೋಗದ ಹೆಸರಿನೊಡನೆ ಚಿಕಿತ್ಸೆ, ಶಾಲೆ, ಸರ್ಕಾರದ ನೆರವುಗಳನ್ನೂ ತಿಳಿಸಬೇಕು. ಸಾಧ್ಯವಾದರೆ ಅಂತಹ ಮಗುವನ್ನು ಸಾಕುತ್ತಿರುವ ಒಂದು ಮನೆಯವರೊಡನೆ ಮಾತನಾಡಿಸಬೇಕು. ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಸಿಗುವಂತಿದ್ದು, ಊರ ಶಾಲೆ ಬಾಗಿಲು ತೆರೆದಿದ್ದರೆ, ಆಗ ತಾಯಿ ಕೈಗೊಂಡದ್ದನ್ನು ನಿಜವಾಗಿ ಆಕೆಯ ನಿರ್ಧಾರವೆನ್ನಬಹುದು.