ದಕ್ಷಿಣ ಭಾರತ ಸಭೆಯಲ್ಲಿ ಮನಸ್ಸಾಕ್ಷಿಯ ಸ್ವಾತಂತ್ರ್ಯ

ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಮನಸ್ಸಾಕ್ಷಿಯ ಸ್ವಾತಂತ್ರ್ಯ ಎಂಬುದು, ಮೂಲ ನಂಬಿಕೆಯಲ್ಲಿ ಒಂದಾಗಿರುವ ಕ್ರೈಸ್ತರು ಆರಾಧನೆ ಹಾಗೂ ಬೋಧಕ ಸೇವೆಯ ಬಗ್ಗೆ ಭಿನ್ನ ನಿಲುವುಗಳನ್ನು ಉಳಿಸಿಕೊಂಡೇ ಒಟ್ಟಾಗಿರಬಹುದೆಂಬ ತತ್ತ್ವವಾಗಿದೆ. ಆಹಾರ ಮತ್ತು ವಿಶೇಷ ದಿನಗಳ ವಿಷಯದಲ್ಲಿ ಒಬ್ಬರ ಕುರಿತು ಒಬ್ಬರು ತೀರ್ಪು ಮಾಡಬಾರದೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯವು ಬೋಧಿಸುತ್ತದೆ.

ಹಿನ್ನೆಲೆ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೇರೆ ಬೇರೆ ಪರಂಪರೆಯ ಪ್ರೊಟೆಸ್ಟೆಂಟ್ ಚರ್ಚುಗಳು ಹತ್ತಿರಹತ್ತಿರದಲ್ಲೇ ಬೆಳೆದವು. ಸೇಂಟ್ ಮಾರ್ಕ್ಸ್ ಹಾಗೂ ಹಲಸೂರಿನ ಸಮೀಪದ ಹೋಲಿ ಟ್ರಿನಿಟಿ (1851) ಆಂಗ್ಲಿಕನ್ ಪರಂಪರೆಯವು; ಸೇಂಟ್ ಆಂಡ್ರೂಸ್ (1866) ಪ್ರೆಸ್ಬಿಟೇರಿಯನ್; ಈಸ್ಟ್ ಪೆರೇಡ್ ಚರ್ಚ್ ಮೆಥೊಡಿಸ್ಟ್. ಆಂಗ್ಲಿಕನ್ನರು ಬಿಷಪರಿಂದ ದೊರೆತ ದೀಕ್ಷೆಯನ್ನು ಅಗತ್ಯವೆಂದು ಎಣಿಸುತ್ತಿದ್ದರು. ಇಲ್ಲಿನ ಉಳಿದ ಎರಡು ಪರಂಪರೆಗಳಲ್ಲಿ ಬಿಷಪರೇ ಇರಲಿಲ್ಲ. ಹೀಗಾಗಿ ಯಾರ ಕೈಯಿಂದ ಪ್ರಭುಭೋಜನ ಸ್ವೀಕರಿಸಬಹುದು ಎಂಬುದು ಮನಸ್ಸಾಕ್ಷಿಯ ಪ್ರಶ್ನೆಯಾಯಿತು.

ವಾಗ್ದಾನ

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರೆಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಹೊಸ ದೀಕ್ಷೆಗಳನ್ನು ಬಿಷಪರೇ ನೀಡಬೇಕೆಂದೂ, ಈಗಾಗಲೇ ಇರುವ ಬೋಧಕರಿಗೆ ಮರುದೀಕ್ಷೆ ಬೇಡವೆಂದೂ ನಿರ್ಧರಿಸಲಾಯಿತು. ಒಪ್ಪದ ಆರಾಧನಾ ಕ್ರಮವನ್ನಾಗಲಿ ಬೋಧಕರನ್ನಾಗಲಿ ಯಾವ ಸ್ಥಳೀಯ ಸಭೆಯ ಮೇಲೂ ಹೇರುವುದಿಲ್ಲವೆಂದು ವಾಗ್ದಾನ ಮಾಡಲಾಯಿತು. ಅದೇ ವೇಳೆ, ಸಭೆಯ ಐಕ್ಯಕ್ಕೆ ಅಡ್ಡಿಯಾಗುವ ಏರ್ಪಾಡುಗಳನ್ನೂ ಮಾಡಬಾರದೆಂದು ಅದು ವಿಧಿಸಿತು. 1950ರಲ್ಲಿ ಸಿದ್ಧವಾದ ಸಾಮಾನ್ಯ ಪ್ರಭುಭೋಜನ ಕ್ರಮದ ಬಳಕೆಯೂ ಐಚ್ಛಿಕವಾಗಿತ್ತು.

ಮಿತಿಗಳು

ಈ ಭರವಸೆ ಎಲ್ಲರಿಗೂ ಸಾಕೆನಿಸಲಿಲ್ಲ. ಆಂಧ್ರದ ನಂದ್ಯಾಲ ಪ್ರದೇಶದ ಅನೇಕ ಆಂಗ್ಲಿಕನ್ನರು 1947ರ ಐಕ್ಯದಿಂದ ಹೊರಗುಳಿದರು. ವಾಗ್ದಾನವು ಬಲವಂತವನ್ನು ತಡೆಯಿತೇ ಹೊರತು ಭಿನ್ನಾಭಿಪ್ರಾಯವನ್ನು ಅಳಿಸಲಿಲ್ಲ.